ಸಂಬಳದ ಕೆಲಸ ಅಂದ ಮಾತ್ರಕ್ಕೆ ಓಟಿ ಇಲ್ಲವೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಮಂಡ್ಯ ಕಡೆಯವರು, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಹತ್ತಿರ ಇದ್ದೇವೆ. ನಮ್ಮ ಯಜಮಾನರದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4, ಕೆಲಸ ಮಾಡಲು ಬೇಕಾದ ಅನುಮತಿ ಪತ್ರ ಇಎಡಿ ಇದೆ. ಒಂದು ಗ್ರೋಸರಿ ಅಂಗಡಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೇನೆ. ಮೊದಲು ವರ್ಷಕ್ಕೆ 41,000 ಡಾಲರ್ ಕೊಡುತ್ತಿದ್ದರು. 2024ರ ಜುಲೈನಲ್ಲಿ ಹೊಸ ರೂಲ್ ಬಂತು ಅಂತ 43,888 ಮಾಡಿದರು. ಜನವರಿಗೆ 58,656 ಆಗಬೇಕಂತೆ ಎಂದು ಹೇಳಿದ್ದರು, ಅದು ಆಗಲೇ ಇಲ್ಲ. ವಾರಕ್ಕೆ 52 ಗಂಟೆ ಕೆಲಸ. ಓಟಿ ಕೇಳಿದರೆ "ನೀವು ಮ್ಯಾನೇಜರ್, ಸ್ಯಾಲರಿ ಮೇಲೆ ಇದ್ದೀರಿ, ನಿಮಗೆ ಬರಲ್ಲ" ಅಂತಾರೆ. ನಾಲ್ಕು ಜನ ಪಾರ್ಟ್ ಟೈಮ್ ಕ್ಯಾಷಿಯರ್‌ಗಳ ಶಿಫ್ಟ್ ನಾನೇ ಹಾಕುತ್ತೇನೆ, ಅವರಿಗೆ ಗಂಟೆಗೆ 15 ಡಾಲರ್. ಕೆಲಸಕ್ಕೆ ತೆಗೆದುಕೊಳ್ಳುವುದು, ಬಿಡಿಸುವುದು ಎಲ್ಲಾ ಮಾಲೀಕರದೇ. ಉಳಿದ ಹೊತ್ತು ನಾನೂ ಬಿಲ್ಲಿಂಗ್, ಲಾರಿಯಿಂದ ಮಾಲು ಇಳಿಸುವುದು, ಶೆಲ್ಫ್ ತುಂಬುವುದು. ನಮ್ಮ ಭಾವ "ರೂಲ್ ಬಿದ್ದುಹೋಯ್ತು, ಬಿಟ್ಟುಬಿಡು" ಅಂತಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಗೆಳತಿ "70,000ಕ್ಕಿಂತ ಕಡಿಮೆ ಇದ್ದರೆ ಓಟಿ ಕೊಡಲೇಬೇಕು" ಅಂತಾಳೆ. ಯಾರ ಮಾತು ಸರಿ? ಮಾಲೀಕರ ಹತ್ತಿರ ಮಾತಾಡಿದರೆ ವೀಸಾಕ್ಕೆ ತೊಂದರೆ ಆಗುತ್ತದಾ? ಸಣ್ಣ ವಿಷಯ, ಆದರೂ ಹೇಳುತ್ತೇನೆ: ಮಗಳ ಸ್ಕೂಲಿಗೆ ಅಂತ ಎರಡು ಗಂಟೆ ಬೇಗ ಹೊರಟರೆ ಆ ಎರಡು ಗಂಟೆ ದುಡ್ಡು ಹಿಡಿಯುತ್ತಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಬ್ಬರ ಮಾತೂ ಅರ್ಧ ಸರಿ. ಇದಕ್ಕಿಂತ ಕಡಿಮೆ ಸಂಬಳ ಇದ್ದರೆ ಓಟಿ ಕೊಡಲೇಬೇಕು ಅಂತ ಒಂದು ಗೆರೆ ಇದೆ, ನಿಮ್ಮ ಸಂಬಳ ಈಗ ನಡೆಯುತ್ತಿರುವ ಆ ಗೆರೆಗಿಂತ ಮೇಲೇ ಇದೆ, ಹಾಗಾಗಿ ಗೆರೆಯ ಲೆಕ್ಕದಲ್ಲಿ ನಿಮಗೆ ಓಟಿ ಸಿಗಲ್ಲ. ಆದರೆ ಗೆರೆ ದಾಟಿದ ತಕ್ಷಣ ಓಟಿ ಹಕ್ಕು ಹೋಗಿಬಿಡುತ್ತದೆ ಅನ್ನುವುದು ಕಾನೂನಿನಲ್ಲಿ ಎಲ್ಲೂ ಇಲ್ಲ. ಇನ್ನೂ ಎರಡು ಪರೀಕ್ಷೆ ಇವೆ, ನಿಮ್ಮ ಪತ್ರ ನೋಡಿದರೆ ಆ ಎರಡರಲ್ಲೂ ನಿಮ್ಮ ಅಂಗಡಿಯವರು ಎಡವುವ ಹಾಗೆ ಕಾಣುತ್ತದೆ. ನೀವು ಸಣ್ಣ ವಿಷಯ ಅಂದ ಆ ಎರಡು ಗಂಟೆಯ ಕಡಿತ ಇದೆಯಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ.

ಕಾನೂನು ಹಳೆಯದು. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ವಾರದಲ್ಲಿ 40 ಗಂಟೆ ದಾಟಿದರೆ ಮುಂದಿನ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೊಡಬೇಕು. ಇದು ಮೂಲ ನಿಯಮ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಮಾತ್ರ ಅಂತ ಅದರಲ್ಲಿ ಬರೆದಿಲ್ಲ, ಸಂಬಳದವರಿಗೂ ಅದೇ. ಮ್ಯಾನೇಜರ್ ಥರದ ಕೆಲಸ, ಆಫೀಸಿನ ಆಡಳಿತದ ಕೆಲಸ, ವೃತ್ತಿಪರ ಕೆಲಸ ಮಾಡುವವರಂಥ ಕೆಲವರಿಗೆ ಇದರಿಂದ ವಿನಾಯಿತಿ, ಅವರನ್ನೇ ಎಕ್ಸೆಂಪ್ಟ್ ಅನ್ನುವುದು. ಒಬ್ಬರನ್ನು ಎಕ್ಸೆಂಪ್ಟ್ ಅನ್ನಬೇಕಾದರೆ ಮಾಲೀಕರು ಮೂರು ವಿಷಯ ತೋರಿಸಬೇಕು. ಸಂಬಳ ಗೆರೆಗಿಂತ ಕಡಿಮೆ ಇರಬಾರದು. ಅದು ನಿಜವಾಗಲೂ ಸಂಬಳವಾಗಿರಬೇಕು, ಅಂದರೆ ಗಂಟೆಗಂಟೆಗೆ ಹೆಚ್ಚುಕಡಿಮೆ ಆಗಬಾರದು. ಮತ್ತೆ ದಿನಾ ಮಾಡುವ ಮುಖ್ಯ ಕೆಲಸ ಆ ದರ್ಜೆಯದ್ದಾಗಿರಬೇಕು. ಮೂರೂ ಇರಬೇಕು. ಒಂದು ತಪ್ಪಿದರೂ ಓಟಿ ಕೊಡಬೇಕು. ತೋರಿಸುವ ಹೊಣೆ ಮಾಲೀಕರದು, ನಿಮ್ಮದಲ್ಲ.

ಈಗ ಗೆರೆಯ ಕಥೆ. ನಿಮ್ಮ ಭಾವ ಹೇಳಿದ್ದು ಇದನ್ನೇ.

ಈ ಗೆರೆ ಎಲ್ಲಿರಬೇಕು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಬರೆದಿಲ್ಲ, ಕಾರ್ಮಿಕ ಇಲಾಖೆ ನಿಯಮ ಮಾಡಿ ಎಳೆಯುತ್ತದೆ. 1938ರಲ್ಲಿ ವಾರಕ್ಕೆ 30 ಡಾಲರ್ ಇತ್ತು. ಆಮೇಲೆ ಆಗಾಗ ಏರಿತು. 1975ರಲ್ಲಿ ಏರಿಸಿದ್ದನ್ನು ಮತ್ತೆ ಮುಟ್ಟಿದ್ದು 2004ರಲ್ಲಿ. ನಡುವೆ 29 ವರ್ಷ! ಅಷ್ಟು ಹೊತ್ತಿಗೆ ಬೆಲೆ ಎಲ್ಲಿಗೋ ಹೋಗಿತ್ತು, ಗೆರೆ ಅಲ್ಲೇ ಕೂತಿತ್ತು. 2004ರಲ್ಲಿ ವಾರಕ್ಕೆ 455 ಡಾಲರ್ ಮಾಡಿದರು, ವರ್ಷಕ್ಕೆ 23,660. ಒಬಾಮಾ ಸರ್ಕಾರ 2016ರಲ್ಲಿ ಅದನ್ನು ಒಂದೇ ಏಟಿಗೆ 913ಕ್ಕೆ ಏರಿಸಲು ಹೊರಟಿತು. ಡಿಸೆಂಬರ್ 1ಕ್ಕೆ ಜಾರಿ ಆಗಬೇಕಿತ್ತು, ನವೆಂಬರ್ 22ಕ್ಕೆ ಟೆಕ್ಸಾಸ್‌ನ ಒಂದು ಫೆಡರಲ್ ಕೋರ್ಟ್ ತಡೆಯಿತು. ಆಮೇಲೆ ಟ್ರಂಪ್ ಅವರ ಮೊದಲ ಅವಧಿಯಲ್ಲಿ 684 ಡಾಲರ್ ಅಂತ ಮಾಡಿದರು, 2020ರ ಜನವರಿ 1ರಿಂದ ಜಾರಿ. ವರ್ಷಕ್ಕೆ 35,568.

ಬೈಡನ್ ಸರ್ಕಾರ 2024ರಲ್ಲಿ ಎರಡು ಮೆಟ್ಟಿಲಲ್ಲಿ ಏರಿಸಿತು. ಜುಲೈ 1ಕ್ಕೆ ವಾರಕ್ಕೆ 844, 2025ರ ಜನವರಿ 1ಕ್ಕೆ 1,128. ನಿಮ್ಮ 43,888 ಬಂದದ್ದು ಇಲ್ಲಿಂದಲೇ, 844 ಗುಣಿಸು 52. ಅಂದರೆ ನಿಮ್ಮ ಮಾಲೀಕರು ಗೆರೆ ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ತಂದು ನಿಲ್ಲಿಸಿದ್ದಾರೆ, ಒಂದು ಡಾಲರ್ ಜಾಸ್ತಿ ಇಲ್ಲ. ನಿಮ್ಮ ಮೇಲಿನ ಪ್ರೀತಿಯಿಂದ ಕೊಟ್ಟ ಇನ್ಕ್ರಿಮೆಂಟ್ ಅಲ್ಲ ಅದು, ಓಟಿ ಕೊಡುವುದಕ್ಕಿಂತ ಅಗ್ಗ ಅಂತ ಕೊಟ್ಟದ್ದು. ಇದರಲ್ಲಿ ತಪ್ಪೇನಿಲ್ಲ, ಎಷ್ಟೋ ಕಂಪನಿಗಳು ಹಾಗೇ ಮಾಡಿದವು. 2024ರ ನವೆಂಬರ್ 15ಕ್ಕೆ ಮತ್ತೆ ಟೆಕ್ಸಾಸ್‌ನದೇ ಇನ್ನೊಬ್ಬ ಫೆಡರಲ್ ನ್ಯಾಯಾಧೀಶರು ಇಡೀ ನಿಯಮವನ್ನು ದೇಶಕ್ಕೆಲ್ಲ ಅನ್ವಯಿಸುವ ಹಾಗೆ ರದ್ದು ಮಾಡಿದರು. ಕಾರಣ ಇಷ್ಟು: ಕಾನೂನು ಕೇಳುವುದು ಕೆಲಸ ಯಾವ ಥರದ್ದು ಅಂತ, ಇಲಾಖೆ ಸಂಬಳದ ಗೆರೆಯನ್ನು ಎಷ್ಟು ಮೇಲೆ ತಂದಿದೆ ಅಂದರೆ ಕೆಲಸ ನೋಡುವ ಪ್ರಶ್ನೆಯೇ ಉಳಿಯುವುದಿಲ್ಲ. ಗೆರೆ ಎಳೆಯುವ ಅಧಿಕಾರವೇ ಇಲಾಖೆಗೆ ಇಲ್ಲ ಅಂತ ಅವರು ಹೇಳಲಿಲ್ಲ. ಆ ಅಧಿಕಾರ ಇದೆ ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೇಲಿನ ಐದನೇ ಸರ್ಕ್ಯೂಟ್ ಕೋರ್ಟ್ ಹೇಳಿತ್ತು. ಹೀಗಾಗಿ ಗೆರೆ ವಾಪಸ್ 684ಕ್ಕೆ ಬಂತು. ಇವತ್ತಿಗೂ ಫೆಡರಲ್ ಗೆರೆ ಅದೇ.

ನನ್ನನ್ನು ಕೇಳಿದರೆ, ಕೋರ್ಟ್‌ನ ಆ ಒಂದು ಮಾತು ಕೆಲಸಗಾರರ ಪರವಾಗಿಯೂ ತಿರುಗುತ್ತದೆ. ಮುಖ್ಯ ಪ್ರಶ್ನೆ ಸಂಬಳ ಅಲ್ಲ, ಕೆಲಸ ಅಂತ ತಾನೇ ಕೋರ್ಟ್ ಹೇಳಿದ್ದು? ಸರಿ, ಹಾಗಾದರೆ ಕೆಲಸವನ್ನೇ ನೋಡೋಣ. ನಿಯಮ ಬಿದ್ದಾಗ ಖುಷಿಪಟ್ಟ ಮಾಲೀಕರು ಈ ಮಾತನ್ನು ಪೂರ್ತಿ ಓದಿದ ಹಾಗೆ ಕಾಣಲ್ಲ.

ಫ್ರೀಮಾಂಟ್ ಗೆಳತಿಯ ಮಾತಿಗೆ ಬರೋಣ. ಅವರು ಸುಮ್ನೆ ಹೇಳಿಲ್ಲ. ರಾಜ್ಯಗಳು ತಮ್ಮದೇ ಗೆರೆ ಹಾಕಿಕೊಳ್ಳಬಹುದು, ಕೆಲಸಗಾರರಿಗೆ ಯಾವುದು ಅನುಕೂಲವೋ ಅದು ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕನಿಷ್ಠ ಕೂಲಿಯ ಎರಡು ಪಟ್ಟು ಅಂತ ಲೆಕ್ಕ. 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 16.90, ಹಾಗಾಗಿ ಗೆರೆ 70,304 ಡಾಲರ್. ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೂ ಮೇಲೆ, 80,168. ನ್ಯೂಯಾರ್ಕ್ ನಗರದಲ್ಲಿ ಮ್ಯಾನೇಜರ್ ಮತ್ತು ಆಡಳಿತದ ಕೆಲಸಕ್ಕೆ ವಾರಕ್ಕೆ 1,275. ಟೆಕ್ಸಾಸ್‌ಗೆ ಇಂಥದ್ದು ಯಾವುದೂ ಇಲ್ಲ, ಫೆಡರಲ್ ಗೆರೆಯೇ ಗತಿ. ಒಂದೇ ಅಂಗಡಿ, ಒಂದೇ ಕೆಲಸ, ಒಂದೇ ಸಂಬಳ. ಫ್ರೀಮಾಂಟ್‌ನಲ್ಲಿದ್ದರೆ ಏನೂ ಮಾತಿಲ್ಲದೆ ಓಟಿ, ಡಲ್ಲಾಸ್‌ನಲ್ಲಿದ್ದರೆ ಇಷ್ಟುದ್ದ ಉತ್ತರ.

ನಿಯಮ ಬಿತ್ತಲ್ಲ, ಸಂಬಳ ವಾಪಸ್ 41,000ಕ್ಕೆ ಇಳಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊದಲೇ ನಿಮಗೆ ತಿಳಿಸಿ ಮುಂದಕ್ಕೆ ಇಳಿಸಬಹುದು. ದುಡಿದು ಆಗಿರುವ ದಿನಗಳಿಗೆ ಹಿಂದಕ್ಕೆ ಹೋಗಿ ಇಳಿಸುವ ಹಾಗಿಲ್ಲ.

ಈಗ ಎರಡನೇ ಪರೀಕ್ಷೆ. ನಿಮ್ಮ ಎರಡು ಗಂಟೆ.

ಎಕ್ಸೆಂಪ್ಟ್ ಸಂಬಳ ಅಂದರೆ ವಾರಕ್ಕೆ ಇಷ್ಟು ಅಂತ ಮೊದಲೇ ಗೊತ್ತಾಗಿರುವ ಮೊತ್ತ. ಆ ವಾರ ಕೆಲಸ ಜಾಸ್ತಿ ಆಗಲಿ ಕಡಿಮೆ ಆಗಲಿ, ಚೆನ್ನಾಗಿ ಮಾಡಿರಲಿ ಬಿಡಲಿ, ಮೊತ್ತ ಅಲ್ಲಾಡಬಾರದು. ಸ್ವಂತ ಕೆಲಸಕ್ಕೆ ಇಡೀ ದಿನ ರಜಾ ಹಾಕಿದರೆ ಆ ದಿನದ್ದು ಹಿಡಿಯಬಹುದು. ಅರ್ಧ ದಿನದ್ದು, ಎರಡು ಗಂಟೆಯದ್ದು ಹಿಡಿಯುವ ಹಾಗಿಲ್ಲ. ಯಾಕೆ ಅಂದರೆ, ಜಾಸ್ತಿ ಗಂಟೆಗೆ ಜಾಸ್ತಿ ದುಡ್ಡು ಕೊಡಲ್ಲ ಅಂತ ಹೇಳುವ ಮಾಲೀಕರು ಕಡಿಮೆ ಗಂಟೆಗೆ ಕಡಿಮೆ ದುಡ್ಡು ಕೊಡುವ ಹಾಗಿಲ್ಲ, ಅಷ್ಟೇ ನ್ಯಾಯ. 52 ಗಂಟೆ ದುಡಿದಾಗ ನೀವು ಸ್ಯಾಲರಿ, 38 ಗಂಟೆ ದುಡಿದಾಗ ಗಂಟೆ ಲೆಕ್ಕ ಅನ್ನುವುದು ನಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಪೇ ಸ್ಟಬ್, ಅಂದರೆ ಸಂಬಳದ ಚೀಟಿ, ತೆಗೆದು ಸರಿಯಾಗಿ ನೋಡಿ. ಹಿಡಿದದ್ದು ದುಡ್ಡೋ ಅಥವಾ ನಿಮ್ಮ ರಜೆಯ ಗಂಟೆಗಳೋ? ಪಿಟಿಒ, ಅಂದರೆ ಸಂಬಳ ಸಹಿತ ರಜೆಯ ಖಾತೆಯಿಂದ ಎರಡು ಗಂಟೆ ಕಳೆದು ಸಂಬಳ ಪೂರ್ತಿ ಕೊಟ್ಟಿದ್ದರೆ ಅದು ತಪ್ಪಲ್ಲ. ದುಡ್ಡೇ ಕಡಿಮೆ ಬಂದಿದ್ದರೆ ಅದು ತಪ್ಪು. ಗೊತ್ತಿಲ್ಲದೆ ಅಪರೂಪಕ್ಕೆ ಹಿಡಿದು ಆಮೇಲೆ ವಾಪಸ್ ಕೊಟ್ಟರೆ ಮಾಲೀಕರು ಪಾರಾಗುತ್ತಾರೆ. ಪದೇ ಪದೇ ಹಾಗೆ ಮಾಡುವುದೇ ರೂಢಿ ಆಗಿದ್ದರೆ, ಆ ಅವಧಿಗೆ ನಿಮ್ಮ ಎಕ್ಸೆಂಪ್ಟ್ ಅನ್ನುವ ಪಟ್ಟವೇ ಹೋಗುತ್ತದೆ. ನಿಮ್ಮದು ಮಾತ್ರ ಅಲ್ಲ, ಅದೇ ಮ್ಯಾನೇಜರ್ ಕೈಕೆಳಗೆ ಅದೇ ಹುದ್ದೆಯಲ್ಲಿರುವ ಬೇರೆಯವರದ್ದೂ.

ಇದು ಸಣ್ಣ ತಾಂತ್ರಿಕ ವಿಷಯ, ಕೋರ್ಟ್ ಇದನ್ನೆಲ್ಲ ಎಲ್ಲಿ ನೋಡುತ್ತದೆ ಅನ್ನಿಸಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹೆಲಿಕ್ಸ್ ಎನರ್ಜಿ ಕೇಸು ನೋಡಿ. ಸಮುದ್ರದ ನಡುವಿನ ರಿಗ್‌ನಲ್ಲಿ ಕೆಲಸ ಮಾಡುತ್ತಿದ್ದ ಸೂಪರ್‌ವೈಸರ್, ವರ್ಷಕ್ಕೆ ಎರಡು ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುತ್ತಿದ್ದ. ಕೊಡುತ್ತಿದ್ದದ್ದು ದಿನಕ್ಕೆ ಇಷ್ಟು ಅಂತ ಲೆಕ್ಕ ಹಾಕಿ. ಆರು-ಮೂರರ ಬಹುಮತದಲ್ಲಿ ಕೋರ್ಟ್ ಹೇಳಿದ್ದು: ದಿನಗೂಲಿ ಸಂಬಳ ಅಲ್ಲ, ಆದ್ದರಿಂದ ಅವನಿಗೂ ಓಟಿ ಬರಬೇಕು. ಈಗಿನ ಗೆರೆಯ ಲೆಕ್ಕದಲ್ಲೇ ಐದಾರು ಪಟ್ಟು ದಾಟಿದವನ ಕಥೆ ಇದು. ಹಾಗಾಗಿ "ನೀವು ಸ್ಯಾಲರಿ ಮೇಲೆ ಇದ್ದೀರಿ" ಅನ್ನುವ ಮಾತು ಬರೀ ಬಾಯಿಮಾತಲ್ಲಿ ನಿಲ್ಲುವುದಿಲ್ಲ.

ಮೂರನೇ ಪರೀಕ್ಷೆ ಕೆಲಸದ್ದು. ಇದು ಎಲ್ಲಕ್ಕಿಂತ ಜಟಿಲ. ಇಲ್ಲಿ ನಿಮ್ಮ ಪರ ಎಷ್ಟಿದೆಯೋ ವಿರುದ್ಧವೂ ಸ್ವಲ್ಪ ಇದೆ, ಎರಡನ್ನೂ ಹೇಳುತ್ತೇನೆ.

ಹುದ್ದೆಯ ಹೆಸರಿಗೆ ಬೆಲೆ ಇಲ್ಲ ಅಂತ ನಿಯಮದಲ್ಲೇ ಬರೆದಿದೆ. ಮ್ಯಾನೇಜರ್ ಅಂತ ಬ್ಯಾಡ್ಜ್ ಹಾಕಿದರೆ ಮ್ಯಾನೇಜರ್ ಆಗಲ್ಲ. ಆಗಬೇಕಾದರೆ ಮುಖ್ಯ ಕೆಲಸ ಅಂಗಡಿಯನ್ನೋ ಅದರ ಒಂದು ವಿಭಾಗವನ್ನೋ ನಡೆಸುವುದಾಗಿರಬೇಕು. ಕನಿಷ್ಠ ಇಬ್ಬರು ಫುಲ್ ಟೈಮ್ ಕೆಲಸಗಾರರನ್ನು ನಿತ್ಯ ನೋಡಿಕೊಳ್ಳುತ್ತಿರಬೇಕು, ಪಾರ್ಟ್ ಟೈಮ್ ಆದರೆ ಎಲ್ಲರ ಗಂಟೆ ಸೇರಿಸಿ 80 ಆಗಬೇಕು. ಕೆಲಸಕ್ಕೆ ತೆಗೆದುಕೊಳ್ಳುವ, ಬಿಡಿಸುವ ಅಧಿಕಾರ ಇರಬೇಕು, ಇಲ್ಲವೇ ಆ ವಿಷಯದಲ್ಲಿ ನಿಮ್ಮ ಸಲಹೆಗೆ ಮಾಲೀಕರು ನಿಜವಾಗಲೂ ಬೆಲೆ ಕೊಡುತ್ತಿರಬೇಕು. ನಿಮ್ಮ ನಾಲ್ಕು ಜನ ವಾರಕ್ಕೆ ತಲಾ 20 ಗಂಟೆ ಬಂದರೆ 80 ಆಯಿತು. 18 ಗಂಟೆ ಬಂದರೆ 72, ಅಲ್ಲಿಗೆ ಪರೀಕ್ಷೆ ಫೇಲ್. ಶಿಫ್ಟ್ ಹಾಕುವವರು ನೀವೇ ಆದ್ದರಿಂದ ಈ ಲೆಕ್ಕ ನಿಮ್ಮ ಕೈಯಲ್ಲೇ ಇದೆ, ಇವತ್ತೇ ನೋಡಿಕೊಳ್ಳಿ. ಕೆಲಸಕ್ಕೆ ತೆಗೆದುಕೊಳ್ಳುವುದು ಪೂರ್ತಿ ಮಾಲೀಕರದೇ ಅಂತ ಬರೆದಿದ್ದೀರಿ. ನೀವು "ಈ ಹುಡುಗ ಬೇಡ" ಅಂದಾಗ ಅವರು ಕೇಳಿದ ಉದಾಹರಣೆ ಒಂದಾದರೂ ಇದೆಯಾ? ಇಲ್ಲ ಅಂದರೆ ಇನ್ನೊಂದು ಕಡೆಯೂ ಫೇಲ್.

ವಿರುದ್ಧ ಇರುವುದು ಇದು. ಅವರ ವಕೀಲರು ಹೇಳುವ ಮಾತು ಗೊತ್ತೇ ಇದೆ: "ಬಿಲ್ಲಿಂಗ್ ಮಾಡುತ್ತಾ ನಿಂತಿದ್ದಾಗಲೂ ಅಂಗಡಿಯ ಜವಾಬ್ದಾರಿ ಅವರದೇ ಇತ್ತು." ಫೆಡರಲ್ ನಿಯಮ ಇದನ್ನು ಒಪ್ಪುತ್ತದೆ. ಎರಡೂ ಕೆಲಸ ಒಟ್ಟೊಟ್ಟಿಗೆ ಮಾಡಿದರೂ ಮ್ಯಾನೇಜರ್ ಆಗಬಹುದು, ಅರ್ಧಕ್ಕಿಂತ ಜಾಸ್ತಿ ಹೊತ್ತು ಮ್ಯಾನೇಜ್ ಮಾಡಲೇಬೇಕು ಅಂತಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತಿನ ಲೆಕ್ಕ ಕಡ್ಡಾಯ. ಅಂಗಡಿಯಲ್ಲಿ ಮೇಲಿನವರು ಯಾರೂ ಇಲ್ಲದೆ ನೀವೊಬ್ಬರೇ ಎಲ್ಲಾ ತೀರ್ಮಾನ ಮಾಡುತ್ತಿದ್ದರೆ ಕೋರ್ಟ್‌ಗಳು ಮಾಲೀಕರ ಕಡೆ ವಾಲಿದ ಕೇಸುಗಳು ಬೇಕಾದಷ್ಟಿವೆ. ಮಾಲೀಕರು ದಿನವೂ ಅಲ್ಲೇ ಕೂತಿದ್ದು ಪ್ರತಿಯೊಂದಕ್ಕೂ ಅವರನ್ನೇ ಕೇಳಬೇಕಾದರೆ ಮಾತು ಬೇರೆ.

ಆದರೆ ಮುಖ್ಯ ಕೆಲಸ ಯಾವುದು ಅಂತ ತೂಗುವಾಗ ನೋಡುವ ಅಂಶಗಳಲ್ಲಿ ಒಂದು ನಿಮಗಾಗಿಯೇ ಬರೆದ ಹಾಗಿದೆ. ನಿಮಗೆ ಸಿಗುವ ಸಂಬಳಕ್ಕೂ, ಅದೇ ಬಿಲ್ಲಿಂಗ್ ಮತ್ತು ಮಾಲು ಇಳಿಸುವ ಕೆಲಸಕ್ಕೆ ಬೇರೆಯವರಿಗೆ ಸಿಗುವ ಕೂಲಿಗೂ ಎಷ್ಟು ಅಂತರ? ಲೆಕ್ಕ ಹಾಕೋಣ. ನಿಮ್ಮ 844 ಡಾಲರನ್ನು 52 ಗಂಟೆಗೆ ಹಂಚಿದರೆ ಗಂಟೆಗೆ 16.23. ಕ್ಯಾಷಿಯರ್‌ಗೆ 15. ಇನ್ನೂ ಮಜಾ ಇದೆ, ಆ ಕ್ಯಾಷಿಯರ್ ನಿಮ್ಮಷ್ಟೇ 52 ಗಂಟೆ ದುಡಿದರೆ 40 ಗಂಟೆಗೆ 600, ಉಳಿದ 12 ಗಂಟೆಗೆ ಒಂದೂವರೆ ಪಟ್ಟಿನಲ್ಲಿ 270, ಒಟ್ಟು 870 ಡಾಲರ್. ಮ್ಯಾನೇಜರ್‌ಗೆ 844! ನಿಮ್ಮ ಕೈಕೆಳಗಿನವರಿಗೆ ನಿಮಗಿಂತ 26 ಡಾಲರ್ ಜಾಸ್ತಿ. ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮಾಲೀಕರ ಹತ್ತಿರ ಮಾತಿಗೆ ಕೂತಾಗ ಇದಕ್ಕಿಂತ ಒಳ್ಳೆಯ ವಾದ ಬೇಕಿಲ್ಲ.

ಈ ಮ್ಯಾನೇಜರ್ ಪಟ್ಟ ಹಂಚುವ ಚಾಳಿ ನಿಮ್ಮ ಅಂಗಡಿಯದ್ದು ಮಾತ್ರ ಅಲ್ಲ. 2023ರಲ್ಲಿ ಅರ್ಥಶಾಸ್ತ್ರಜ್ಞರು 2020ಕ್ಕಿಂತ ಹಿಂದಿನ ಕೆಲಸದ ಜಾಹೀರಾತುಗಳನ್ನು ಜಾಲಾಡಿ ನೋಡಿದಾಗ, ಆಗಿನ 455 ಡಾಲರ್ ಗೆರೆಯ ಸ್ವಲ್ಪ ಮೇಲಿನ ಸಂಬಳಗಳಲ್ಲಿ ಮ್ಯಾನೇಜರ್ ಥರದ ಹೆಸರುಗಳು ಹೆಚ್ಚುಕಡಿಮೆ ಐದು ಪಟ್ಟು ಏರಿದ್ದವು. ರಿಸೆಪ್ಷನ್‌ನಲ್ಲಿ ಕೂರುವವರಿಗೆ "ಡೈರೆಕ್ಟರ್ ಆಫ್ ಫಸ್ಟ್ ಇಂಪ್ರೆಷನ್ಸ್" ಅಂತ ಹೆಸರಂತೆ. ನಮ್ಮ ಕಡೆಯೂ ಇದು ಗೊತ್ತಿಲ್ಲದ್ದೇನಲ್ಲ. ಕೈಗಾರಿಕಾ ವಿವಾದ ಕಾನೂನಿನ ರಕ್ಷಣೆಗೆ ಸೂಪರ್‌ವೈಸರ್ ಆದವರಿಗೆ ತಿಂಗಳಿಗೆ 10,000 ರೂಪಾಯಿಯ ಗೆರೆ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 18,000. ಅಲ್ಲೂ ಜಗಳ ಇದೇ, ಅವನು ನಿಜವಾಗಲೂ ಸೂಪರ್‌ವೈಸರೋ ಬರೀ ಹೆಸರಿಗೋ ಅಂತ.

ಸರಿ, ನಿಮ್ಮ ಕೇಸು ಗೆದ್ದರೆ ಎಷ್ಟು ಬರುತ್ತದೆ? ಇದು ನಿಮ್ಮ ಆಫರ್ ಲೆಟರ್‌ನಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಂತಿದೆ. ಸಂಬಳ 40 ಗಂಟೆಗೆ ಅಂತ ಒಪ್ಪಿದ್ದರೆ 844 ಭಾಗಿಸು 40, ಗಂಟೆಗೆ 21.10. ಒಂದೂವರೆ ಪಟ್ಟು ಅಂದರೆ 31.65. ವಾರಕ್ಕೆ 12 ಗಂಟೆಗೆ 379.80. ಸಂಬಳ ಎಷ್ಟು ಗಂಟೆ ಆದರೂ ಅಷ್ಟಕ್ಕೂ ಸೇರಿ ಅಂತ ಒಪ್ಪಿದ್ದರೆ ಲೆಕ್ಕ ಬೇರೆ. ಆಗ 52 ಗಂಟೆಗೂ ಮೂಲ ದರ ಕೊಟ್ಟಾಗಿದೆ ಅಂತ ಅರ್ಥ, ಉಳಿದ ಅರ್ಧ ಮಾತ್ರ ಬಾಕಿ. 16.23ರ ಅರ್ಧದ ಲೆಕ್ಕದಲ್ಲಿ 12 ಗಂಟೆಗೆ ಸುಮಾರು 97 ಡಾಲರ್. ಟೆಕ್ಸಾಸ್ ಇರುವ ಐದನೇ ಸರ್ಕ್ಯೂಟ್‌ನಲ್ಲಿ ಜಗಳ ಇದರ ಮೇಲೆಯೇ ನಡೆಯುವುದು. 380 ಎಲ್ಲಿ, 97 ಎಲ್ಲಿ! ಹಾಗಾಗಿ "ವಾರಕ್ಕೆ 40 ಗಂಟೆ" ಅಂತ ಎಲ್ಲಾದರೂ, ಆಫರ್ ಲೆಟರ್‌ನಲ್ಲೋ ಹಳೆಯ ಈಮೇಲ್‌ನಲ್ಲೋ ಹ್ಯಾಂಡ್‌ಬುಕ್‌ನಲ್ಲೋ ಇದ್ದರೆ ಜೋಪಾನ ಮಾಡಿ. ಬಾಕಿ ಎಷ್ಟೋ ಅಷ್ಟೇ ಮೊತ್ತವನ್ನು ಪರಿಹಾರವಾಗಿ ಮತ್ತೆ ಸೇರಿಸಿ ಕೊಡಿಸುವುದೂ ಕಾನೂನಿನಲ್ಲಿದೆ. ಒಳ್ಳೆಯ ನಂಬಿಕೆಯಿಂದ, ಸಕಾರಣವಾಗಿ ಹಾಗೆ ಮಾಡಿದೆವು ಅಂತ ಮಾಲೀಕರು ತೋರಿಸಿದರೆ ಮಾತ್ರ ಅದು ತಪ್ಪಬಹುದು. ಗೆದ್ದರೆ ನಿಮ್ಮ ವಕೀಲರ ಫೀಸೂ ಅವರೇ ಕೊಡಬೇಕು.

ಕೆಲವು ಮಾಲೀಕರು "ಈ ವಾರ ಜಾಸ್ತಿ ಆಯ್ತು, ಮುಂದಿನ ವಾರ ಒಂದು ದಿನ ರಜಾ ತಗೊಳ್ಳಿ" ಅಂತ ಹೇಳುವುದುಂಟು. ಓಟಿ ಬರಬೇಕಾದವರಿಗೆ ಖಾಸಗಿ ಕಂಪನಿಗಳು ಹಾಗೆ ಮಾಡುವಂತಿಲ್ಲ. ಪ್ರತಿ ವಾರದ ಲೆಕ್ಕ ಆ ವಾರಕ್ಕೇ ಮುಗಿಯಬೇಕು. ಓಟಿ ಬೇಡ ಅಂತ ನಿಮ್ಮ ಕೈಲಿ ಸಹಿ ಹಾಕಿಸಿಕೊಂಡಿದ್ದರೂ ಅದು ನಡೆಯಲ್ಲ, ಈ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಮಧ್ಯೆ ಒಂದು ಮಾತು, ಐಟಿಯವರು ಇದನ್ನೇ ಪದೇ ಪದೇ ಕೇಳುತ್ತಾರೆ. ನಿಮ್ಮ ಯಜಮಾನರಿಗೂ ಉಪಯೋಗ ಆಗಬಹುದು. ಪ್ರೋಗ್ರಾಮರ್, ಸಿಸ್ಟಮ್ಸ್ ಅನಲಿಸ್ಟ್, ಸಾಫ್ಟ್‌ವೇರ್ ಎಂಜಿನಿಯರ್ ಕೆಲಸಕ್ಕೆ ಬೇರೆ ದಾರಿ ಇದೆ. ವಾರಕ್ಕೆ 684 ಸಂಬಳ ಕೊಟ್ಟರೂ ಸರಿ, ಗಂಟೆಗೆ 27.63 ಕೊಟ್ಟರೂ ಸರಿ, ಎಕ್ಸೆಂಪ್ಟ್ ಆಗುತ್ತಾರೆ. ಆದ್ದರಿಂದಲೇ ಗಂಟೆ ಲೆಕ್ಕದ ಕನ್ಸಲ್ಟೆಂಟ್‌ಗಳಿಗೆ 40 ದಾಟಿದರೂ ಅದೇ ದರ ಸಿಗುವುದು. ಈ 27.63 ಕಾನೂನಿನಲ್ಲೇ ಬರೆದ ಅಂಕಿ, 1990ರ ದಶಕದ್ದು, ಆಗಿನ ಕನಿಷ್ಠ ಕೂಲಿ 4.25ರ ಆರೂವರೆ ಪಟ್ಟು. ಇವತ್ತಿಗೂ ಯಾರೂ ಮುಟ್ಟಿಲ್ಲ. ಕ್ಯಾಲಿಫೋರ್ನಿಯಾದ ದರ 2025ರಲ್ಲೇ 56.97 ಇತ್ತು. ಆದರೆ ಹೆಲ್ಪ್ ಡೆಸ್ಕ್‌ನಲ್ಲಿ ಟಿಕೆಟ್ ಮುಚ್ಚುವವರು, ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಕಂಪ್ಯೂಟರ್ ಮುಂದೆ ಕೂತ ಮಾತ್ರಕ್ಕೆ ಇದರಲ್ಲಿ ಸೇರುವುದಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಗಂಟೆ ಎಣಿಸುವ ಅಭ್ಯಾಸವೇ ಇಲ್ಲದೆ ಬಂದ ನಮ್ಮವರು ಇಲ್ಲೂ ಎಣಿಸಲ್ಲ. ಎಣಿಸಬೇಕು.

ನೀವೂ ಎಣಿಸಲು ಶುರು ಮಾಡಿ. ನಿಮ್ಮನ್ನು ಎಕ್ಸೆಂಪ್ಟ್ ಅಂದುಕೊಂಡಿರುವುದರಿಂದ ಅಂಗಡಿಯವರು ನಿಮ್ಮ ಗಂಟೆಗಳ ದಾಖಲೆ ಇಟ್ಟಿರಲಿಕ್ಕಿಲ್ಲ. ಅದರಿಂದ ನಿಮಗೆ ನಷ್ಟ ಇಲ್ಲ. ಮಾಲೀಕರು ದಾಖಲೆ ಇಡದಿದ್ದಾಗ ಕೆಲಸಗಾರರ ನ್ಯಾಯವಾದ ಅಂದಾಜನ್ನೇ ಒಪ್ಪಬಹುದು ಅಂತ ಸುಪ್ರೀಂ ಕೋರ್ಟ್ 1946ರಲ್ಲೇ ಹೇಳಿದೆ. ಅಂದಾಜಿಗೆ ಆಧಾರ ಇದ್ದರೆ ಒಳ್ಳೆಯದು. ಬಾಗಿಲು ತೆಗೆದಾಗ ಅಲಾರ್ಮ್‌ಗೆ ಹಾಕಿದ ಕೋಡ್, ಬಿಲ್ಲಿಂಗ್ ಮೆಷಿನ್‌ಗೆ ಲಾಗಿನ್ ಆದ ಹೊತ್ತು, ರಾತ್ರಿ ಕಳಿಸಿದ ವಾಟ್ಸ್ಯಾಪ್ ಮೆಸೇಜು ಎಲ್ಲವೂ ಸಾಕ್ಷಿ. ಇವತ್ತಿಂದ ಒಂದು ನೋಟ್‌ಬುಕ್ಕಲ್ಲಿ ಬಂದ ಹೊತ್ತು, ಹೋದ ಹೊತ್ತು, ಊಟಕ್ಕೆ ಕೂತದ್ದು, ಏನೇನು ಕೆಲಸ ಮಾಡಿದಿರಿ ಅಂತ ಬರೆಯಿರಿ. ಅಂಗಡಿಯ ಫೈಲುಗಳನ್ನು ಮಾತ್ರ ಕೇಳದೆ ಮನೆಗೆ ತರಬೇಡಿ, ಅದು ಬೇರೆ ತಲೆನೋವು.

ಹೊತ್ತು ಕಳೆದಷ್ಟೂ ದುಡ್ಡು ಕರಗುತ್ತದೆ. ಕೋರ್ಟ್‌ಗೆ ಹಾಕಿದ ದಿನದಿಂದ ಹಿಂದಕ್ಕೆ ಎರಡು ವರ್ಷದ್ದು ಮಾತ್ರ ಸಿಗುತ್ತದೆ, ಬೇಕಂತಲೇ ಮಾಡಿದ್ದು ಅಂತ ಸಾಬೀತಾದರೆ ಮೂರು. ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ದೂರು ಕೊಡಲು ದುಡ್ಡು ಬೇಡ, ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಆದರೆ ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ. ಜನ ಇದನ್ನು ತಿಳಿಯದೆ ಇಲಾಖೆಯ ಉತ್ತರಕ್ಕೆ ಕಾಯುತ್ತಾ ಕೂತು ತಿಂಗಳುಗಟ್ಟಲೆ ಬಾಕಿ ಕಳೆದುಕೊಳ್ಳುತ್ತಾರೆ. ಹಾಗಾಗಿ ಕೂಲಿ ಕೇಸು ನಡೆಸುವ ವಕೀಲರೊಬ್ಬರನ್ನು ಬೇಗ ನೋಡಿ. ಗೆದ್ದರೆ ಮಾತ್ರ ಫೀಸು ಅನ್ನುವವರು ತುಂಬಾ ಜನ ಇದ್ದಾರೆ.

ಇನ್ನೊಂದು, ಓಟಿ ಸಿಗಲು ಶುರುವಾದರೆ ತೆರಿಗೆಯಲ್ಲೂ ಅನುಕೂಲ ಇದೆ. 2025ರಿಂದ 2028ರ ತನಕ ಓಟಿಯ ಹೆಚ್ಚುವರಿ ಭಾಗವನ್ನು ಆದಾಯದಿಂದ ಕಳೆಯಬಹುದು, ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕಿದರೆ 25,000 ಡಾಲರ್ ತನಕ. ಒಂದೂವರೆಯಲ್ಲಿ ಆ ಅರ್ಧ ಮಾತ್ರ, ಅಂದರೆ ನಿಮ್ಮ 379.80ರಲ್ಲಿ 126.60. ಮದುವೆ ಆದವರು ಒಟ್ಟಿಗೇ ಹಾಕಬೇಕು, ಇಬ್ಬರ ಆದಾಯ ಸೇರಿ ಮೂರು ಲಕ್ಷ ದಾಟಿದರೆ ಇದು ಇಳಿಯುತ್ತಾ ಹೋಗುತ್ತದೆ. ಎಕ್ಸೆಂಪ್ಟ್ ಆದವರಿಗೆ ಕಂಪನಿ ಖುಷಿಯಿಂದ ಕೊಟ್ಟ ಓಟಿಗೆ ಇದು ಸಿಗಲ್ಲ.

ವೀಸಾ ಭಯಕ್ಕೆ ಬರುತ್ತೇನೆ. ನಿಮ್ಮ ಎಚ್-4 ನಿಂತಿರುವುದು ಯಜಮಾನರ ಎಚ್-1ಬಿ ಮೇಲೆ. ಇಎಡಿ ಯಾವ ಒಂದು ಅಂಗಡಿಗೂ ಕಟ್ಟಿ ಹಾಕಿದ್ದಲ್ಲ. ಈ ಅಂಗಡಿಯವರಿಗೆ ನಿಮ್ಮ ಸ್ಟೇಟಸ್ ಮೇಲೆ ಯಾವ ಹಿಡಿತವೂ ಇಲ್ಲ, ಕೆಲಸ ಹೋದರೂ ಸ್ಟೇಟಸ್ ಹೋಗಲ್ಲ. ಓಟಿ ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು, ಗಂಟೆ ಕಡಿಮೆ ಮಾಡುವುದು, ಹೆದರಿಸುವುದು ಕಾನೂನಿಗೆ ವಿರುದ್ಧ, ಬಾಯಲ್ಲಿ ಕೇಳಿದರೂ ರಕ್ಷಣೆ ಇದೆ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಹೀಗೆ ಮಾಡುವವರು ಇದ್ದೇ ಇದ್ದಾರೆ, ಕಾನೂನು ಆಮೇಲೆ ಸರಿಪಡಿಸಬಹುದು, ಆ ತಿಂಗಳ ಬಾಡಿಗೆ ಕಟ್ಟಿಕೊಡುವುದಿಲ್ಲ. ಮನೆಯಲ್ಲಿ ಕೂತು ಇದನ್ನು ಯೋಚಿಸಿಕೊಂಡೇ ಮುಂದುವರಿಯಿರಿ.

ನನ್ನ ಸಲಹೆ, ಮೊದಲು ವಕೀಲರ ಹತ್ತಿರ ಒಂದು ಸಲ ಮಾತಾಡಿ, ಆಮೇಲೆ ಮಾಲೀಕರ ಹತ್ತಿರ ಹೋಗಿ. ಹೋಗುವಾಗ ಗೆರೆಯ ಮಾತೇ ಎತ್ತಬೇಡಿ, ಅಲ್ಲಿ ಅವರು ಗೆಲ್ಲುತ್ತಾರೆ. ಪೇ ಸ್ಟಬ್‌ನ ಎರಡು ಗಂಟೆಯ ಕಡಿತ ಮತ್ತು 870ಕ್ಕೆ 844ರ ಲೆಕ್ಕ, ಇವೆರಡನ್ನು ಮುಂದಿಟ್ಟು, ನನ್ನನ್ನು ಯಾವ ಆಧಾರದ ಮೇಲೆ ಎಕ್ಸೆಂಪ್ಟ್ ಮಾಡಿದ್ದೀರಿ ಅಂತ ಕೇಳಿ. ಅದೇ ದಿನ ಸಂಜೆ ಅದನ್ನೇ ಎರಡು ಸಾಲಿನ ಈಮೇಲ್ ಮಾಡಿ ಕಳಿಸಿ, ನಿಮ್ಮ ಸ್ವಂತ ಈಮೇಲಿಂದ. ಬಾಕಿಗೆ ಅಂತ ಒಂದು ಚೆಕ್ ಕೊಟ್ಟು ಕಾಗದಕ್ಕೆ ಸಹಿ ಕೇಳಿದರೆ, ಆ ಕಾಗದ ವಕೀಲರು ಓದುವ ತನಕ ಸಹಿ ಹಾಕಬೇಡಿ, ಚೆಕ್ ಬ್ಯಾಂಕಿಗೂ ಹಾಕಬೇಡಿ.